ಚಾಕರಿಗೆ ಕೊಟ್ಟ ನೆಲ: ಅಹಮದಾಬಾದ್, ವಡೋದರಾ, ಸೂರತ್ ಸೀಮೆಯ ಸೇವಾಭೂಮಿಗಳು

1668ರ ಮಾರ್ಚ್ 27ರಂದು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಮುಂಬಯಿ ದ್ವೀಪವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟ. ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾದಾಗ ವರದಕ್ಷಿಣೆಯಾಗಿ ಅವನ ಕೈಸೇರಿದ್ದ ದ್ವೀಪ ಅದು. ಅವನು ಅದನ್ನು ಮಾರಲಿಲ್ಲ, ದಾನವನ್ನೂ ಮಾಡಲಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 30ರಂದು 10 ಪೌಂಡನ್ನು ಚಿನ್ನದಲ್ಲಿ ಸಲ್ಲಿಸಬೇಕು, ದೊರೆಯ ಕೈಕೆಳಗೆ ‘ಸಾಕೇಜ್’ ಎಂಬ ಹಿಡುವಳಿಯಾಗಿ ನೆಲವನ್ನು ಅನುಭವಿಸಬೇಕು ಎಂದು ಕರಾರು ಹಾಕಿದ. ಆ ಹಿಡುವಳಿಯ ಮಾದರಿ ಲಂಡನ್ ಪಕ್ಕದ ಈಸ್ಟ್ ಗ್ರೀನಿಚ್ ಎಂಬ ಜಮೀನುದಾರಿಯದು. ವರ್ಜೀನಿಯಾದಂಥ ಅಮೆರಿಕದ ವಸಾಹತುಗಳಿಗೆ ಕೊಟ್ಟ ಸನದುಗಳಲ್ಲೂ ಇದೇ ಒಕ್ಕಣೆ ಇದೆ.

ಸನದು ಮುಂಬಯಿಯದಾದರೂ ಅದನ್ನು ಜಾರಿಗೆ ತಂದವರು ಸೂರತ್‌ನಲ್ಲಿದ್ದರು. ಕಂಪನಿಯ ಪಶ್ಚಿಮ ಕರಾವಳಿಯ ಮುಖ್ಯ ಕೋಠಿ ಆಗ ತಾಪಿ ನದಿಯ ದಂಡೆಯಲ್ಲಿತ್ತು. ಅಲ್ಲಿನ ಅಧ್ಯಕ್ಷ ಜಾರ್ಜ್ ಆಕ್ಸೆಂಡನ್ ಅದೇ ಸೆಪ್ಟೆಂಬರಿನಲ್ಲಿ ಮುಂಬಯಿಯ ಗವರ್ನರನೂ ಆದ. ಮರುವರ್ಷ ಅವನು ಸೂರತ್‌ನಲ್ಲೇ ತೀರಿಕೊಂಡ. ಇಸ್ಲಾಮೀ ಶೈಲಿಯ ಗುಮ್ಮಟ ಹೊತ್ತ ಅವನ ಗೋರಿ ಇಂದಿಗೂ ಆ ಊರಿನ ಇಂಗ್ಲಿಷ್ ಸ್ಮಶಾನದಲ್ಲಿದೆ.

ಮಧ್ಯಯುಗದ ಇಂಗ್ಲೆಂಡಿನ ಭೂಕಾನೂನು ಹೀಗೆ ಸೂರತ್‌ನ ದಾರಿಯಾಗಿ ನಮ್ಮ ನಾಡಿಗೆ ಕಾಲಿಟ್ಟಿತು. ಅದು ಬಂದ ಸೀಮೆಗೆ ಸೇವೆಗಾಗಿ ನೆಲ ಕೊಡುವ ಪದ್ಧತಿ ಹೊಸದೇನಾಗಿರಲಿಲ್ಲ. ಕತ್ತಿ ಹಿಡಿದು ಕಾಯುವುದಕ್ಕೆ, ದೇವರಿಗೆ ಪ್ರಾರ್ಥಿಸುವುದಕ್ಕೆ, ಕಳ್ಳನ ಹೆಜ್ಜೆ ಹಿಡಿದು ಹೋಗುವುದಕ್ಕೆ, ಅಧಿಕಾರಿಯ ಗಂಟು ಹೊರುವುದಕ್ಕೆ ಗುಜರಾತಿನಲ್ಲಿ ನೆಲ ಕೊಡುತ್ತಿದ್ದರು. ಕನ್ನಡ ನಾಡಿನ ಉಂಬಳಿ, ಕೊಡಗೆ, ಮಾನ್ಯ, ವತನಗಳ ಒಡಹುಟ್ಟುಗಳು ಅವು. ಇವುಗಳ ಚರಿತ್ರೆಯಲ್ಲಿ ಕೇಳಬೇಕಾದ ದೊಡ್ಡ ಪ್ರಶ್ನೆ ಒಂದೇ: ಚಾಕರಿ ನಿಂತುಹೋದ ಮೇಲೆ ನೆಲ ಯಾರ ಪಾಲಾಯಿತು?

ಇಂಗ್ಲೆಂಡಿನ ಕಟ್ಟಳೆ

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ನೆಲವೆಲ್ಲ ಕೊನೆಗೆ ದೊರೆಯದು ಎಂಬ ತತ್ವ ಗಟ್ಟಿಯಾಯಿತು. ಮಿಕ್ಕವರೆಲ್ಲ ಅವನಿಂದಲೋ, ಅವನಿಂದ ಪಡೆದವರಿಂದಲೋ ನೆಲ ಹಿಡಿದವರು. ಯಾವ ಸೇವೆಗೆ ನೆಲ ಸಿಕ್ಕಿತು ಎಂಬುದರ ಮೇಲೆ ಹಿಡುವಳಿಯ ಜಾತಿ ನಿಲ್ಲುತ್ತಿತ್ತು. ಕುದುರೆ ಆಯುಧಗಳ ಸಮೇತ ವರ್ಷಕ್ಕೆ ಸುಮಾರು 40 ದಿನ ಯುದ್ಧಸೇವೆ ಮಾಡುವುದು ‘ನೈಟ್ ಸರ್ವಿಸ್’. ದೊರೆಯ ಬಾವುಟ ಹೊರುವಂಥ, ಬಾಣ ಒದಗಿಸುವಂಥ ಗೊತ್ತಾದ ಒಂದು ಕೆಲಸ ‘ಸಾರ್ಜೆಂಟಿ’. ಮಠ, ಚರ್ಚುಗಳು ಪ್ರಾರ್ಥನೆಯ ಬದಲಿಗೆ ಹಿಡಿದದ್ದು ‘ಫ್ರಾಂಕಲ್ಮೋಯ್ನ್’. ನಿಗದಿಯಾದ ಬೇಸಾಯದ ಕೆಲಸ ಅಥವಾ ಕಾಣಿಕೆ ಕೊಟ್ಟು ಹಿಡಿದದ್ದು ‘ಸಾಕೇಜ್’.

ಸೇವೆಗಿಂತ ಹೆಚ್ಚಾಗಿ ಜನರನ್ನು ಹಿಂಡಿದ್ದು ಅದರ ಜೊತೆಗಂಟಿದ ಹಕ್ಕುಗಳು. ತಂದೆ ಸತ್ತರೆ ಮಗ ಒಡೆಯನಿಗೆ ಕಾಣಿಕೆ ತೆತ್ತು ನೆಲ ಬಿಡಿಸಿಕೊಳ್ಳಬೇಕು. ಒಬ್ಬ ನೈಟ್‌ನ ಹಿಡುವಳಿಗೆ ಈ ಕಾಣಿಕೆ 100 ಷಿಲ್ಲಿಂಗ್ ಮೀರಕೂಡದು ಎಂದು 1215ರ ಮ್ಯಾಗ್ನಾ ಕಾರ್ಟಾ ಮಿತಿ ಹಾಕಬೇಕಾಯಿತು. ವಾರಸುದಾರ ಎಳೆಯನಾಗಿದ್ದರೆ ಅವನು ಪ್ರಾಯಕ್ಕೆ ಬರುವವರೆಗೆ ಹುಟ್ಟುವಳಿ ಒಡೆಯನದು, ಅವನ ಮದುವೆ ಗೊತ್ತುಮಾಡುವ ಹಕ್ಕೂ ಒಡೆಯನದು. ವಾರಸುದಾರನೇ ಇಲ್ಲದಿದ್ದರೆ ನೆಲ ಮರಳಿ ಒಡೆಯನಿಗೆ. 12ನೇ ಶತಮಾನದಿಂದ ಯುದ್ಧಕ್ಕೆ ಹೋಗುವ ಬದಲು ಹಣ ಕಟ್ಟುವ ‘ಸ್ಕ್ಯೂಟೇಜ್’ ಬಳಕೆಗೆ ಬಂತು. 1290ರ ಕಾಯಿದೆ ನೆಲ ಪಡೆದವನು ತನ್ನ ಕೆಳಗೆ ಇನ್ನೊಬ್ಬ ಹಿಡುವಳಿದಾರನನ್ನು ಹುಟ್ಟಿಸುವುದನ್ನು ನಿಲ್ಲಿಸಿತು.

1660ರಲ್ಲಿ ಪಾರ್ಲಿಮೆಂಟು ನೈಟ್ ಸರ್ವಿಸನ್ನು ರದ್ದುಮಾಡಿ ಆ ನೆಲಗಳನ್ನೆಲ್ಲ ಸಾಕೇಜಿಗೆ ಇಳಿಸಿತು. ದೊರೆಗಾದ ನಷ್ಟಕ್ಕೆ ಬದಲಾಗಿ ಬಿಯರ್ ಮುಂತಾದ ಪಾನೀಯಗಳ ಮೇಲಿನ ಸುಂಕವನ್ನು ಅವನಿಗೆ ಬಿಟ್ಟುಕೊಟ್ಟಿತು. ಭೂಮಾಲೀಕರು ಹೊರೆ ಇಳಿಸಿಕೊಂಡು ನೆಲ ಉಳಿಸಿಕೊಂಡರು. ನೆಲವಿಲ್ಲದವರು ಕುಡಿಯುವ ಲೋಟದ ಮೇಲೆ ಆ ಹೊರೆ ಬಂತು. ಇದು ಅನ್ಯಾಯ ಎಂದು ಆಗಲೇ ಕೆಲವರು ಪಾರ್ಲಿಮೆಂಟಿನಲ್ಲಿ ವಾದಿಸಿದ್ದರು, ಅವರ ಮಾತು ನಡೆಯಲಿಲ್ಲ.

ಅಹಮದಾಬಾದ್: ಅರ್ಧ ನಗದು, ಅರ್ಧ ನೆಲ

1411ರಲ್ಲಿ ಸಾಬರಮತಿಯ ದಂಡೆಯಲ್ಲಿ ಅಹಮದಾಬಾದನ್ನು ಕಟ್ಟಿದ ಸುಲ್ತಾನ್ ಅಹಮದ್ ಷಾ, ಸಿಪಾಯಿಗಳ ಸಂಬಳಕ್ಕೆ ಒಂದು ವ್ಯವಸ್ಥೆ ಮಾಡಿದ. ಅರ್ಧ ಸಂಬಳ ಖಜಾನೆಯಿಂದ ನಗದಾಗಿ, ಇನ್ನರ್ಧಕ್ಕೆ ಜಾಗೀರಿನ ನೆಲ. ಇದರ ಹಿಂದಿನ ಲೆಕ್ಕಾಚಾರವನ್ನು ಗುಜರಾತಿನ ಪಾರಸಿ ಭಾಷೆಯ ಚರಿತ್ರೆಕಾರರು ಬಿಡಿಸಿ ಹೇಳಿದ್ದಾರೆ. ಬರಿಯ ನಗದು ಕೊಟ್ಟರೆ ಸಿಪಾಯಿಗೆ ಉಳಿಯುವುದಿಲ್ಲ, ನಾಡಿನ ಮೇಲೆ ಅವನಿಗೆ ಅಕ್ಕರೆಯೂ ಹುಟ್ಟುವುದಿಲ್ಲ. ಅರ್ಧ ನೆಲವಾದರೆ ಮನೆಗೆ ದವಸ, ದನಕ್ಕೆ ಮೇವು, ಒಲೆಗೆ ಸೌದೆ ಅಲ್ಲಿಂದಲೇ ಬರುತ್ತವೆ. ಆ ನೆಲವನ್ನು ಕಾಯುವುದು ಅವನ ಸ್ವಂತ ಕೆಲಸವೇ ಆಗುತ್ತದೆ. ಉಳಿದರ್ಧ ನಗದಾದ್ದರಿಂದ ದಂಡಯಾತ್ರೆಗೆ ಹೊರಟಾಗ ಸಾಲ ಮಾಡಬೇಕಾಗಿಲ್ಲ. 15ನೇ ಶತಮಾನದ ಒಬ್ಬ ಆಡಳಿತಗಾರ ಸಿಪಾಯಿಯ ಮನೆಯ ಒಲೆಯವರೆಗೆ ಯೋಚಿಸಿದ್ದು ಸಣ್ಣ ಮಾತಲ್ಲ. ಇಂಗ್ಲೆಂಡಿನಲ್ಲಿ ಬರಿಯ ನೆಲ ಕೊಟ್ಟದ್ದರಿಂದ 40 ದಿನ ಕಳೆದ ಮೇಲೆ ಸೈನ್ಯ ಮನೆಗೆ ಹೊರಡುತ್ತಿತ್ತು, ದೊರೆ ಕಾಸು ಕೊಟ್ಟು ಬೇರೆ ಸೈನಿಕರನ್ನು ಹುಡುಕಬೇಕಾಗುತ್ತಿತ್ತು. ಆ ತೊಡಕನ್ನು ಅಹಮದ್ ಷಾ ಮೊದಲೇ ಬಿಡಿಸಿಟ್ಟ.

ಇದಕ್ಕಿಂತ ದೊಡ್ಡ ಪರಿಣಾಮ ಬೀರಿದ್ದು ‘ವಾಂಟಾ’. ಗುಜರಾತಿನ ಹಳ್ಳಿಗಳನ್ನು ತಲೆಮಾರುಗಳಿಂದ ಆಳುತ್ತಿದ್ದ ರಜಪೂತ ಮತ್ತು ಕೋಲಿ ಮುಖಂಡರನ್ನು ಸುಲ್ತಾನ ಪೂರ್ತಿ ಬಗ್ಗಿಸಲಾರದೆ ಹೋದ. ಅವರ ಕಾಟವೂ ತಪ್ಪಲಿಲ್ಲ. ಕೊನೆಗೆ ಒಂದು ರಾಜಿ ಆಯಿತು. ಹಳ್ಳಿಯ ನೆಲದಲ್ಲಿ ಮುಕ್ಕಾಲು ಭಾಗ ‘ತಲ್ಪದ್’ ಎಂಬ ಹೆಸರಿನಲ್ಲಿ ಸರ್ಕಾರಕ್ಕೆ, ಕಾಲು ಭಾಗ ವಾಂಟಾ ಎಂದು ಹಳೆಯ ಒಡೆಯರಿಗೆ. ಪ್ರತಿಯಾಗಿ ಅವರು ತಮ್ಮ ಹಳ್ಳಿಯನ್ನು ಕಾಯಬೇಕು, ಸುಲ್ತಾನ ಕರೆದಾಗ ಬರಬೇಕು. ಗುಜರಾತಿನ ಕೊನೆಯ ಮೊಗಲ್ ದಿವಾನ ಅಲಿ ಮುಹಮ್ಮದ್ ಖಾನ್ 18ನೇ ಶತಮಾನದ ನಡುವಿನಲ್ಲಿ ಬರೆದ ‘ಮಿರಾತ್-ಇ-ಅಹಮದಿ’ ಇದನ್ನು ದಾಖಲಿಸುತ್ತದೆ.

ಹೊರನೋಟಕ್ಕೆ ಇದು ಇಂಗ್ಲೆಂಡಿನ ನೈಟ್ ಹಿಡುವಳಿಯಂತೆ ಕಾಣುತ್ತದೆ. ಒಳಗೆ ವಿಷಯ ತಿರುವುಮುರುವು. ಇಂಗ್ಲೆಂಡಿನಲ್ಲಿ ಗೆದ್ದವನು ತನ್ನವರಿಗೆ ಹೊಸದಾಗಿ ನೆಲ ಹಂಚಿದ. ಗುಜರಾತಿನಲ್ಲಿ ಸೋತವರ ನೆಲದಲ್ಲೇ ಕಾಲು ಭಾಗವನ್ನು ಅವರಿಗೇ ಬಿಟ್ಟು, ಅದಕ್ಕೆ ಸೇವೆಯ ಷರತ್ತು ಹಾಕಿದರು. ಹಾಗಾಗಿ ವಾಂಟಾದಾರರು ಅದನ್ನು ಸುಲ್ತಾನನ ಕೃಪೆ ಎಂದು ಎಂದೂ ಎಣಿಸಲಿಲ್ಲ. ತಮ್ಮದರಲ್ಲಿ ಉಳಿದ ಚೂರು ಎಂದೇ ಎಣಿಸಿದರು. 3ನೇ ಮಹಮೂದ್ ಷಾನ ಕಾಲದಲ್ಲಿ (1537–1554) ವಾಂಟಾಗಳನ್ನು ಸರ್ಕಾರಕ್ಕೆ ಸೇರಿಸಿಕೊಳ್ಳಲು ಹೊರಟಾಗ ಗುಜರಾತಿನ ಉದ್ದಗಲಕ್ಕೂ ದಂಗೆಗಳಾದದ್ದು ಈ ಕಾರಣಕ್ಕೆ. ಅಕ್ಬರನ ಸೈನ್ಯ 1572–73ರಲ್ಲಿ ಗುಜರಾತನ್ನು ಗೆದ್ದ ಮೇಲೆ ಹಳೆಯ ರಾಜಿಯೇ ಮತ್ತೆ ನೆಲೆಗೊಂಡಿತು.

ಇನ್ನೊಂದು ವ್ಯತ್ಯಾಸವನ್ನು ಚರಿತ್ರೆಯ ಪುಸ್ತಕಗಳು ಹೆಚ್ಚು ಗಮನಿಸುವುದಿಲ್ಲ. ಇಂಗ್ಲೆಂಡಿನ ನೈಟ್ ಹಿಡುವಳಿ ಹಿರಿಯ ಮಗನಿಗೆ ಇಡಿಯಾಗಿ ಹೋಗುತ್ತಿತ್ತು. ಒಬ್ಬ ಯೋಧನನ್ನು ಸಾಕುವಷ್ಟು ನೆಲವನ್ನು ನಾಲ್ವರಿಗೆ ಹರಿದು ಹಂಚಿದರೆ ಯೋಧನೇ ಉಳಿಯುವುದಿಲ್ಲವಲ್ಲ. ವಾಂಟಾ ನೆಲ ಹಿಡಿದ ಗುಜರಾತಿನ ಗಿರಾಸಿಯಾ ಮನೆತನಗಳಲ್ಲಿ ಅಣ್ಣತಮ್ಮಂದಿರೆಲ್ಲರಿಗೂ ಪಾಲು ಇತ್ತು, ಕಿರಿಯರಿಗೆ ‘ಜಿವಾಯಿ’ ಎಂಬ ಜೀವನಾಂಶದ ನೆಲ ಇತ್ತು. ನ್ಯಾಯದ ದೃಷ್ಟಿಯಿಂದ ಇದು ಒಳ್ಳೆಯ ಪದ್ಧತಿ. ಆದರೆ ತಲೆಮಾರುಗಳು ಉರುಳಿದಂತೆ ಪಾಲು ಪಾಲಾಗಿ, ಹೆಸರಿಗೆ ತಾಲ್ಲೂಕುದಾರ, ಉಳುಮೆಗೆ ನಾಲ್ಕು ಹೊಲ, ತಲೆಯ ಮೇಲೆ ಸಾಹುಕಾರನ ಸಾಲ ಎಂಬ ಸ್ಥಿತಿ ಬಂತು. ಧೋಲ್ಕಾ, ಧಂಧೂಕಾ, ವಿರಮ್‌ಗಾಮ್, ಸಾಣಂದ್ ಕಡೆಯ ಎಷ್ಟೋ ಮನೆತನಗಳ 19ನೇ ಶತಮಾನದ ಕಥೆ ಇದು.

ಠಾಸ್ರಾದ ಮಲಿಕರು

ಅಹಮದಾಬಾದಿಗೂ ವಡೋದರಾಕ್ಕೂ ನಡುವೆ ಖೇಡಾ ಜಿಲ್ಲೆಯ ಠಾಸ್ರಾ ತಾಲ್ಲೂಕು ಇದೆ. ಸುಲ್ತಾನ್ ಮಹಮೂದ್ ಬೇಗಡಾ 1484ರಲ್ಲಿ ಪಾವಾಗಢವನ್ನು ಗೆದ್ದಾಗ ಜೊತೆಗೆ ಕಾದಿದ ಮಲಿಕರಿಗೆ ಇಲ್ಲಿ 12 ಹಳ್ಳಿಗಳನ್ನು ಕೊಟ್ಟ. ‘ಮಲೇಕಿ’ ಎಂಬ ಹಿಡುವಳಿ ಹುಟ್ಟಿದ್ದು ಹಾಗೆ. ಸುಲ್ತಾನರು ಹೋದರು, ಮೊಗಲರು, ಮರಾಠರು, ಇಂಗ್ಲಿಷರು ಹೋದರು. ಆ ಹಿಡುವಳಿ ಮಾತ್ರ ಕಾನೂನಿನ ಪುಸ್ತಕದಲ್ಲಿ 1949ರವರೆಗೆ ಬದುಕಿತ್ತು.

ಪ್ರಾರ್ಥನೆಯೂ ಚಾಕರಿಯೇ

ಸೂರತ್‌ನ ತೆಂಕಣಕ್ಕಿರುವ ನವಸಾರಿ ಪಾರ್ಸಿಗಳ ಧರ್ಮಕೇಂದ್ರ. ಅಲ್ಲಿನ ಧರ್ಮಗುರು ದಸ್ತೂರ್ ಮೆಹರ್‌ಜಿ ರಾಣಾ ಅಕ್ಬರನ ಆಸ್ಥಾನಕ್ಕೆ ಹೋಗಿ ಜರತುಷ್ಟ್ರ ಧರ್ಮದ ತತ್ವಗಳನ್ನು ವಿವರಿಸಿದವರು. ಅಕ್ಬರ್ ಅವರಿಗೆ ನವಸಾರಿಯಲ್ಲಿ 200 ಬೀಘಾ ನೆಲವನ್ನು ‘ಮದದ್-ಇ-ಮಾಷ್’ ಆಗಿ ಬಿಟ್ಟುಕೊಟ್ಟ. ವಿದ್ವಾಂಸರಿಗೆ, ಧರ್ಮಗುರುಗಳಿಗೆ ಕಂದಾಯವಿಲ್ಲದೆ ಬಿಡುತ್ತಿದ್ದ ನೆಲ ಇದು. ಸಾಮ್ರಾಜ್ಯ ಬಾಳಲೆಂದು ಪಡೆದವರು ಪ್ರಾರ್ಥಿಸುತ್ತಿರಬೇಕು ಎಂಬ ಮಾತು ಇಂಥ ಫರ್ಮಾನುಗಳಲ್ಲಿ ಸಾಮಾನ್ಯವಾಗಿ ಇರುತ್ತಿತ್ತು. ಇಂಗ್ಲೆಂಡಿನ ಮಠಗಳ ಫ್ರಾಂಕಲ್ಮೋಯ್ನ್‌ಗೆ ಇದಕ್ಕಿಂತ ಹತ್ತಿರದ ಜೋಡಿ ಸಿಗಲಾರದು. ಒಂದು ಭೇದ ಉಂಟು. ಅಲ್ಲಿ ದೊರೆಯದೂ ಮಠದ್ದೂ ಒಂದೇ ಧರ್ಮ. ಇಲ್ಲಿ ಮುಸಲ್ಮಾನ ಬಾದಶಹನ ರಾಜ್ಯಕ್ಕಾಗಿ ಪಾರ್ಸಿ ದಸ್ತೂರ್ ಅಗ್ನಿಯ ಮುಂದೆ ಪ್ರಾರ್ಥಿಸುತ್ತಿದ್ದ.

ಸೂರತ್: ಜಾಗೀರು, ಕೋಟೆ, ಹಡಗು

ಮೊಗಲರ ಜಾಗೀರು ಇಂಗ್ಲೆಂಡಿನ ಹಿಡುವಳಿಯಂಥದ್ದಲ್ಲ. ಮನಸಬ್ದಾರನೆಂಬ ಮೊಗಲ್ ಅಧಿಕಾರಿಗೆ ಸಿಗುತ್ತಿದ್ದದ್ದು ಒಂದು ಸೀಮೆಯ ಕಂದಾಯ ಎತ್ತುವ ಹಕ್ಕು. ಇಂತಿಷ್ಟು ಕುದುರೆ ಸವಾರರನ್ನು ಅವನು ಸಾಕಬೇಕು. ಸಾಮಾನ್ಯವಾಗಿ ಮೂರು ನಾಲ್ಕು ವರ್ಷಕ್ಕೊಮ್ಮೆ ಜಾಗೀರನ್ನು ಬದಲಿಸುತ್ತಿದ್ದರು. ಮಗನಿಗೆ ಅದರ ಮೇಲೆ ಹಕ್ಕಿಲ್ಲ. ಇಂಗ್ಲೆಂಡಿನ ದೊರೆಗಳು ಅಂಜುತ್ತಿದ್ದ ಅಪಾಯವನ್ನು, ಎಂದರೆ ಸೇವೆಗೆ ಕೊಟ್ಟ ನೆಲ ಮನೆತನದ ಆಸ್ತಿಯಾಗಿಬಿಡುವುದನ್ನು, ಮೊಗಲರು ಹೀಗೆ ತಡೆದರು. ಅದರ ಬೆಲೆ ತೆತ್ತವನು ರೈತ. ನಾಳೆ ಬೇರೆ ಸೀಮೆಗೆ ಹೋಗುವ ಜಾಗೀರುದಾರನಿಗೆ ಇಂದಿನ ಹಳ್ಳಿಯ ಕೆರೆ ಬಾವಿಗಳ ಗೊಡವೆ ಏಕೆ?

ಸೂರತ್ ಬಂದರಿನ ಹುಟ್ಟುವಳಿ ಬಹಳ ದೊಡ್ಡದಾಗಿದ್ದರಿಂದ ಅದರಿಂದಲೇ ನೌಕಾಸೇವೆಯನ್ನೂ ಕೊಳ್ಳುತ್ತಿದ್ದರು. ಔರಂಗಜೇಬನ ಕಾಲದಲ್ಲಿ ಜಂಜೀರಾದ ಸಿದ್ದಿಗಳು ಮೊಗಲರ ನೌಕಾಪಡೆಯ ಮುಖ್ಯಸ್ಥರಾದರು. ವರ್ತಕರ ಮತ್ತು ಮೆಕ್ಕಾ ಯಾತ್ರಿಕರ ಹಡಗುಗಳನ್ನು ಕಾಯಲು ಅವರಿಗೆ ಸೂರತ್‌ನ ಕಂದಾಯದಿಂದ ವರ್ಷ ವರ್ಷ ‘ತನಖಾ’ ಸಲ್ಲುತ್ತಿತ್ತು. ಆಫ್ರಿಕಾ ಮೂಲದ ಸಿದ್ದಿಗಳು ನಮ್ಮ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲೂ ಇದ್ದಾರೆ. ಅರಬ್ಬೀ ಸಮುದ್ರದ ದಂಡೆಯ ಒಂದು ಕಡೆ ಅವರು ನೌಕಾಧಿಪತಿಗಳಾಗಿದ್ದರು ಎಂಬುದನ್ನು ನಮ್ಮ ಶಾಲಾ ಪಾಠಗಳು ಹೇಳಬೇಕು.

1759ರ ಮಾರ್ಚಿನಲ್ಲಿ ಇಂಗ್ಲಿಷರು ಸೂರತ್ ಕೋಟೆಯನ್ನು ಹಿಡಿದುಕೊಂಡರು. ಆಮೇಲೆ ದಿಲ್ಲಿಯಿಂದ ಸನದು ತರಿಸಿದರು. ಅದರ ಪ್ರಕಾರ ಕಂಪನಿ ಕೋಟೆಯ ಕಿಲ್ಲೇದಾರ, ಬಾದಶಹನ ನೌಕಾಪಡೆಯ ಅಧಿಪತಿ. ಎರಡು ಹುದ್ದೆಗೂ ಸೂರತ್‌ನ ಕಂದಾಯದಿಂದಲೇ ಹಣ. ಲಂಡನ್‌ನ ವರ್ತಕರ ಸಂಸ್ಥೆಯೊಂದು ಮುಂಬಯಿಯನ್ನು ಇಂಗ್ಲೆಂಡಿನ ದೊರೆಯಿಂದ, ಸೂರತ್ ಕೋಟೆಯನ್ನು ಮೊಗಲ್ ಬಾದಶಹನಿಂದ ಒಂದೇ ಕಾಲಕ್ಕೆ ಸೇವಕನಾಗಿ ಹಿಡಿದಿತ್ತು. 1800ರಲ್ಲಿ ಸೂರತ್‌ನ ನವಾಬ ಊರಿನ ಆಡಳಿತವನ್ನು ಕಂಪನಿಗೆ ಒಪ್ಪಿಸಿ ಪಿಂಚಣಿಗೆ ಇಳಿದ. ಸೇವಕನೇ ಒಡೆಯನಾದದ್ದು 41 ವರ್ಷಗಳಲ್ಲಿ.

ವಡೋದರಾ: ಕುದುರೆಯ ಬದಲು ಹಣ, ಹಣದ ಬದಲು ನೆಲ

ಗಾಯಕವಾಡರು ಮೊದಲು ಮರಾಠಾ ಸೇನಾಪತಿ ದಾಭಾಡೆಯ ಕೈಕೆಳಗಿನ ಸರದಾರರು. 1750ರ ದಶಕದ ಆರಂಭದಲ್ಲಿ ದಮಾಜಿ ಗಾಯಕವಾಡ ಪೇಶ್ವೆಗೆ ಗುಜರಾತಿನ ಅರ್ಧವನ್ನು ಬಿಟ್ಟುಕೊಟ್ಟ. ವರ್ಷಕ್ಕೆ 5,25,000 ರೂಪಾಯಿ ಸಲ್ಲಿಸಲು, 10,000 ಕುದುರೆ ಸವಾರರನ್ನು ಸಾಕಿ ಪೇಶ್ವೆ ಕರೆದಾಗ ನೆರವಾಗಲು ಒಪ್ಪಿಕೊಂಡ. ಇಡೀ ಒಂದು ಸಂಸ್ಥಾನವೇ ಸೈನ್ಯಸೇವೆಯ ಹಿಡುವಳಿಯಾದಂತೆ ಇದು.

ಮುಂದೆ ಫತೇಸಿಂಗ ಗಾಯಕವಾಡನ ಕಾಲಕ್ಕೆ ಕುದುರೆಗಳ ಸಂಖ್ಯೆ ಕಡಿಮೆಯಾಯಿತು. ಶಾಂತಿಯ ಕಾಲದಲ್ಲಿ ಸವಾರರನ್ನು ಪುಣೆಗೆ ಕಳಿಸದಿರಲು ವರ್ಷಕ್ಕೆ 6,75,000 ರೂಪಾಯಿ ಕಟ್ಟಬಹುದು ಎಂಬ ಒಪ್ಪಂದವೂ ಆಯಿತು. ಇದು ಇಂಗ್ಲೆಂಡಿನ ಸ್ಕ್ಯೂಟೇಜೇ ಸರಿ. ಎರಡೂ ಕಡೆ ಕಾರಣವೂ ಒಂದೇ: ಮೇಲಿನವನಿಗೆ ತಾನೇ ಸಾಕಿದ ಸೈನ್ಯ ಬೇಕು, ಕೆಳಗಿನವನಿಗೆ ತನ್ನ ಸೈನ್ಯ ತನ್ನೂರಲ್ಲೇ ಇರಬೇಕು.

ಆದರೆ ನಗದಿನ ಸೈನ್ಯಕ್ಕೆ ನಗದೇ ಬೇಕು. ವಡೋದರಾದಲ್ಲಿ ಅರಬ್ ಸಿಪಾಯಿಗಳ ಸಂಬಳದ ಬಾಕಿ ಬೆಳೆಯುತ್ತ ಹೋಯಿತು. ಹರಿಭಕ್ತಿಯಂಥ ಸಾಹುಕಾರಿ ಮನೆತನಗಳು ಸಾಲ ಕೊಟ್ಟು ಸರ್ಕಾರ ನಡೆಸಬೇಕಾಯಿತು. ಬಾಕಿ ಸಿಗದ ಅರಬರು ಕೋಟೆಯನ್ನೇ ಹಿಡಿದು ಕುಳಿತಾಗ, 1802ರ ಡಿಸೆಂಬರಿನಲ್ಲಿ ಇಂಗ್ಲಿಷ್ ಪಡೆ ಊರಿಗೆ ಮುತ್ತಿಗೆ ಹಾಕಿ ಅವರನ್ನು ಹೊರಗಟ್ಟಿತು. ಆ ನೆರವಿಗೆ ಬೆಲೆ ಇತ್ತು. 1805ರ ಒಪ್ಪಂದದಂತೆ ಇಂಗ್ಲಿಷ್ ಸಹಾಯಕ ಸೈನ್ಯದ ಖರ್ಚಿಗಾಗಿ ಗಾಯಕವಾಡರು 11,70,000 ರೂಪಾಯಿ ಹುಟ್ಟುವಳಿಯ ಪರಗಣೆಗಳನ್ನು ಬಿಟ್ಟುಕೊಟ್ಟರು. ಧೋಲ್ಕಾ, ಮಾತರ್, ನಡಿಯಾದ್ ಆ ಪಟ್ಟಿಯಲ್ಲಿದ್ದವು. ಕುದುರೆ ಹಣವಾಯಿತು, ಹಣವಿಲ್ಲದಾಗ ಮತ್ತೆ ನೆಲವೇ ಸೈನ್ಯದ ಬೆಲೆಯಾಯಿತು.

ಸಂಸ್ಥಾನದ ಒಳಗೂ ಸರದಾರರು, ಸಿಲೇದಾರರು ಇದ್ದರು. ಅವರಲ್ಲಿ ಬಹಳಷ್ಟು ಮಂದಿಗೆ ‘ನೇಮಣೂಕು’ ಎಂಬ ಸಾಲಿಯಾನೆ ಸಲ್ಲುತ್ತಿತ್ತು. ಸಯಾಜಿರಾವ್ ಗಾಯಕವಾಡರು 1881ರಲ್ಲಿ ಪೂರ್ಣಾಧಿಕಾರ ವಹಿಸಿಕೊಳ್ಳುವ ಹೊತ್ತಿಗೆ ಯುದ್ಧಗಳು ಮುಗಿದು ಎಷ್ಟೋ ವರ್ಷಗಳಾಗಿದ್ದವು, ಆ ಸಾಲಿಯಾನೆಗೆ ಪ್ರತಿಯಾದ ಕಾದುವ ಚಾಕರಿ ಉಳಿದಿರಲಿಲ್ಲ.

ಊರ ಚಾಕರರ ಪಸಾಯತಾ

ಸುಲ್ತಾನರು, ಸರದಾರರ ಕಥೆ ಎಷ್ಟು ಬೇಕಾದರೂ ಸಿಗುತ್ತದೆ. ನನ್ನ ಮಟ್ಟಿಗೆ ಸೇವಾಭೂಮಿಯ ನಿಜವಾದ ಬಾಳು ಇರುವುದು ಹಳ್ಳಿಯ ಅಂಚಿನ ಚಿಕ್ಕ ಹೊಲಗಳಲ್ಲಿ. ಗುಜರಾತಿನಲ್ಲಿ ಊರ ಚಾಕರಿಗೆ ಬಿಟ್ಟ ಇಂಥ ನೆಲಕ್ಕೆ ‘ಪಸಾಯತಾ’ ಎಂದೂ ‘ಚಾಕರಿಯಾತ್’ ಎಂದೂ ಹೆಸರು. ನಮ್ಮಲ್ಲಿ ತೋಟಿ, ತಳವಾರ, ನೀರಗಂಟಿಗಳಿಗೆ ಇದ್ದ ಮಾನ್ಯದ ಹಾಗೆ.

ಅಹಮದಾಬಾದ್ ಜಿಲ್ಲೆಯ ಹಳ್ಳಿಯಲ್ಲಿ ಮುಖಿ ಊರಿನ ಮುಖ್ಯಸ್ಥ. ಅವನ ಕೈಕೆಳಗೆ ಓಲೆ ಒಯ್ಯುವ, ರೈತರನ್ನು ಕರೆತರುವ ರಾವಣಿಯಾ. ಕಾವಲಿಗೆ ವರ್ತಣಿಯಾ. ಕಳ್ಳನ ಹೆಜ್ಜೆ ಪತ್ತೆಹಚ್ಚಲು ಪಗಿ. ಪಗಿಯ ವಿದ್ಯೆ ಅಸಾಧಾರಣ. ರಾತ್ರಿ ಎತ್ತು ಕಳುವಾದರೆ ಬೆಳಗ್ಗೆ ಅವನು ಮಣ್ಣಿನ ಗುರುತು ನೋಡಿ ಹೊರಡುತ್ತಿದ್ದ. ಹೆಜ್ಜೆ ಪಕ್ಕದ ಊರಿನ ಎಲ್ಲೆಗೆ ಹೋದರೆ ಆ ಊರಿನ ಪಗಿಗೆ ತೋರಿಸಿ ಒಪ್ಪಿಸಬೇಕು. ಅವನು ಅದನ್ನು ತನ್ನ ಎಲ್ಲೆ ದಾಟಿಸಿ ತೋರಿಸದಿದ್ದರೆ ನಷ್ಟ ಕಟ್ಟಿಕೊಡುವ ಹೊಣೆ ಆ ಊರಿನದು. ಕಳವಿನ ಹೊಣೆಯನ್ನು ಸುತ್ತಲಿನ ಜನರೆಲ್ಲರ ಮೇಲೆ ಹೊರಿಸುವ ಇದೇ ತತ್ವ 1285ರ ಇಂಗ್ಲೆಂಡಿನ ವಿಂಚೆಸ್ಟರ್ ಕಾಯಿದೆಯಲ್ಲೂ ಇದೆ.

ಎಲ್ಲರ ಪಾಡೂ ಒಂದೇ ಆಗಿರಲಿಲ್ಲ. ತೆಂಕಣ ಗುಜರಾತಿನ ಅನಾವಿಲ ಬ್ರಾಹ್ಮಣ ದೇಸಾಯಿಗಳು ಪರಗಣೆಯ ಕಂದಾಯದ ಅಧಿಕಾರದಿಂದ ನೆಲವನ್ನೂ ವರಮಾನವನ್ನೂ ಗಳಿಸಿ ದೊಡ್ಡ ಮನೆತನಗಳಾದರು. ನಮ್ಮ ಧಾರವಾಡ, ಬೆಳಗಾವಿ ಕಡೆಯ ದೇಸಾಯಿ ವಾಡೆಗಳನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ಏಣಿಯ ಕೆಳಗಿನ ಮೆಟ್ಟಿಲಲ್ಲಿ ದಲಿತರು ಮಾಡುತ್ತಿದ್ದದ್ದು ‘ವೇಠ್’, ಎಂದರೆ ಬಿಟ್ಟಿ ಚಾಕರಿ. ಬಂದ ಅಧಿಕಾರಿಯ ಗಂಟು ಮುಂದಿನ ಊರಿಗೆ ಹೊರಬೇಕು, ಸತ್ತ ದನ ಎತ್ತಬೇಕು, ಹೊತ್ತು ಗೊತ್ತಿಲ್ಲದೆ ಓಡಬೇಕು. ಇಷ್ಟಕ್ಕೆ ಪ್ರತಿಯಾಗಿ ಒಂದು ತುಂಡು ಬಂಜರು, ಸುಗ್ಗಿಯಲ್ಲಿ ಒಂದಿಷ್ಟು ಕಾಳು.

ಇಲ್ಲಿ ಅಂಬೇಡ್ಕರರ ಹೆಸರು ಬರಲೇಬೇಕು. ವಡೋದರಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ಅಮೆರಿಕದಲ್ಲಿ ಓದಿ, ಸಂಸ್ಥಾನದ ಸೇವೆಗೆಂದು 1917ರಲ್ಲಿ ವಡೋದರಾಕ್ಕೆ ಬಂದ ಅವರಿಗೆ ಆ ಊರಿನಲ್ಲಿ ತಂಗಲು ಜಾಗ ಸಿಗಲಿಲ್ಲ. 1928ರಲ್ಲಿ ಅವರು ಮುಂಬಯಿ ಶಾಸನಸಭೆಯಲ್ಲಿ ವತನ ಕಾಯಿದೆಯ ತಿದ್ದುಪಡಿ ಮಂಡಿಸಿದರು. ಮಹಾರ್ ವತನವನ್ನು ಅವರು ಕಂಡದ್ದು ಹೀಗೆ: ಕೊಟ್ಟ ತುಂಡು ನೆಲ ಕುಟುಂಬವನ್ನು ಸಾಕಲಾರದು, ಆದರೆ ಇಡೀ ಕುಟುಂಬವನ್ನು ದಿನದ ಇಪ್ಪತ್ತನಾಲ್ಕು ಗಂಟೆಯೂ ಊರಿಗೆ ಕಟ್ಟಿಹಾಕಬಲ್ಲದು. ಇಂಗ್ಲೆಂಡಿನ ನೈಟ್ 40 ದಿನ ಕಳೆದರೆ ಮನೆಗೆ ಹೋಗಬಹುದಿತ್ತು. ಕೆಳಗಿನ ಚಾಕರನಿಗೆ 41ನೆಯ ದಿನವೇ ಇರಲಿಲ್ಲ. ಸೇವಾಭೂಮಿಯನ್ನು ಪರಸ್ಪರ ಒಪ್ಪಂದ ಎಂದು ಹೊಗಳುವವರು ಇದನ್ನು ಮರೆಯಬಾರದು.

ನೆತ್ತರಿಗೆ ಸಂದ ನೆಲ

ಊರಿಗಾಗಿ ಕಾದಿ ಸತ್ತವರ ಮನೆಯವರಿಗೆ ನೆಲ ಬಿಡುವ ಪದ್ಧತಿ ಗುಜರಾತಿನಲ್ಲಿತ್ತು. ದಾಖಲೆಗಳಲ್ಲಿ ಇವು ‘ರಣ್‌ವಟಿಯಾ’, ‘ಹಾಡಿಯಾ’ ಎಂಬ ಹೆಸರಿನಲ್ಲಿ ಬರುತ್ತವೆ. ಊರ ಹೊರಗಿನ ‘ಪಾಳಿಯಾ’ ಕಲ್ಲುಗಳಲ್ಲಿ ಕುದುರೆಯೇರಿದ ಅವರ ಚಿತ್ರಗಳಿವೆ. ನಮ್ಮ ವೀರಗಲ್ಲು ಮತ್ತು ನೆತ್ತರುಕೊಡಗೆಗಳ ನೆನಪು ತಾನಾಗಿ ಬರುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಶಾಸನದಲ್ಲಿ ಗಂಗರ ಬೂತುಗ, ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಆತಕೂರು ಹನ್ನೆರಡನ್ನು ‘ಬಾಳ್ಗಚ್ಚು’ ಎಂಬ ವೀರನ ಕೊಡುಗೆಯಾಗಿ ಕೊಡುತ್ತಾನೆ. ಮಣಲೇರ ಬೇಡಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಿ ಸತ್ತ ಕಥೆಯೂ ಅದೇ ಕಲ್ಲಿನಲ್ಲಿದೆ. ಕಾಳಗದಲ್ಲಿ ಸತ್ತವನ ಮನೆಯವರು ಮತ್ತೆ ಸೇವೆ ಮಾಡಬೇಕೆಂಬ ಷರತ್ತು ನೆತ್ತರಿನ ನೆಲಕ್ಕೆ ಇರಲಿಲ್ಲ. ಚಾಕರಿ ಒಮ್ಮೆಗೇ ತೀರಿಹೋಗಿತ್ತು.

ಬ್ರಿಟಿಷರ ಲೆಕ್ಕಪುಸ್ತಕ

ಮುಂಬಯಿ ಪ್ರಾಂತದ ಬಡಗಣ ಭಾಗದಲ್ಲಿ ಅಹಮದಾಬಾದ್, ತೆಂಕಣ ತುದಿಯಲ್ಲಿ ಬೆಳಗಾವಿ, ಧಾರವಾಡ, ಕಾರವಾರ. ಸೇವಾಭೂಮಿಯ ವಿಷಯದಲ್ಲಿ ಗುಜರಾತಿಗೂ ಉತ್ತರ ಕರ್ನಾಟಕಕ್ಕೂ ಒಂದೇ ಸರ್ಕಾರದ ಕಾಯಿದೆಗಳು. ಸೇನೆ, ಪೊಲೀಸು, ಕಂದಾಯ ಇಲಾಖೆ ಸಂಬಳದ ಮೇಲೆ ನಿಂತ ಮೇಲೆ ಹಳೆಯ ಚಾಕರಿ ಸರ್ಕಾರಕ್ಕೆ ಬೇಡವಾಯಿತು. ಕಂದಾಯವಿಲ್ಲದ ನೆಲ ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು.

ಇದರ ಬಿಸಿ ಕನ್ನಡ ನಾಡಿಗೆ ಬೇಗನೆ ತಟ್ಟಿತು. ಸಂಗೊಳ್ಳಿ ರಾಯಣ್ಣ ಕಿತ್ತೂರಿನ ಶೇತಸನದಿ, ಎಂದರೆ ಸಿಪಾಯಿ ಚಾಕರಿಗೆ ಸನದಿನ ನೆಲ ಹಿಡಿದವನು. ಕಿತ್ತೂರು ಬಿದ್ದ ಮೇಲೆ ಆ ನೆಲಕ್ಕೆ ಸರ್ಕಾರ ಕೈಹಾಕಿತು. ಅವನು ದಂಗೆಯೆದ್ದ, 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ನರಗುಂದದ ಬಾಬಾಸಾಹೇಬನಿಗೆ ದತ್ತು ತೆಗೆದುಕೊಳ್ಳಲು ಅನುಮತಿ ಕೊಡದೆ ಹೋದದ್ದು ಇಂಗ್ಲೆಂಡಿನ ಹಳೆಯ ತತ್ವದ ನೆರಳೇ: ವಾರಸುದಾರನಿಲ್ಲದ ನೆಲ ಒಡೆಯನಿಗೆ. 1858ರ ನರಗುಂದ ಬಂಡಾಯದ ಬೇರು ಅಲ್ಲಿದೆ.

ಈ ಕಹಿಯ ನಂತರ ಸರ್ಕಾರ ಮೆತ್ತಗಾಯಿತು. 1863ರಲ್ಲಿ ಎರಡು ಕಾಯಿದೆಗಳು ಬಂದವು. ಅವುಗಳಲ್ಲಿ ಒಂದು ಉತ್ತರ ಕರ್ನಾಟಕವೂ ಸೇರಿದ ಸೀಮೆಗೆ, ಇನ್ನೊಂದು ಗುಜರಾತ್ ಮತ್ತು ಕೊಂಕಣಕ್ಕೆ. ಇನಾಮುದಾರ ಹಕ್ಕು ಸಾಬೀತುಮಾಡುವ ರಗಳೆಗೆ ಹೋಗದೆ ಜೋಡಿಯಂಥ ಸಣ್ಣ ಕಂದಾಯ ಕಟ್ಟಿದರೆ ನೆಲ ಅವನದೇ. ಮನೆತನದ ಹುದ್ದೆಗಳನ್ನು 1874ರ ವತನ ಕಾಯಿದೆ ಒಂದು ಚೌಕಟ್ಟಿಗೆ ತಂದಿತು. 1886ರ ತಿದ್ದುಪಡಿ ವತನದ ವಾರಸಿನಲ್ಲಿ ಹೆಣ್ಣುಮಕ್ಕಳನ್ನು ಗಂಡು ದಾಯಾದಿಗಳ ಹಿಂದಕ್ಕೆ ತಳ್ಳಿತು. ಗಂಡುಮಕ್ಕಳಿಲ್ಲದ ನೈಟ್‌ನ ನೆಲ ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲಾಗಿ ಹೋಗುತ್ತಿತ್ತು ಎಂಬುದನ್ನು ನೆನೆದರೆ ಇದು ಹಿಂದಕ್ಕಿಟ್ಟ ಹೆಜ್ಜೆ.

ಅಹಮದಾಬಾದಿನ ತಾಲ್ಲೂಕುದಾರರಿಗೆ 1862ರಲ್ಲೇ ಒಂದು ವಿಶೇಷ ಪರಿಹಾರ ಕಾಯಿದೆ ಬಂತು. ಸಾಲದಲ್ಲಿ ಮುಳುಗಿದ ಜಮೀನನ್ನು ಸರ್ಕಾರ 20 ವರ್ಷದವರೆಗೆ ತನ್ನ ವಶಕ್ಕೆ ತೆಗೆದುಕೊಂಡು, ಸಾಲ ತೀರಿಸಿ, ಮರಳಿಸಬಹುದಿತ್ತು. 1888ರ ಗುಜರಾತ್ ತಾಲ್ಲೂಕುದಾರರ ಕಾಯಿದೆ ಅದನ್ನು ಮುಂದುವರಿಸಿತು. ಕಾದುವ ಚಾಕರಿ ಎಂದೋ ನಿಂತಿದ್ದ ಮನೆತನಗಳನ್ನು ಕಾಪಾಡಲು ಎರಡು ಕಾಯಿದೆಗಳು ಬಂದವು. ರಾತ್ರಿಯೆಲ್ಲ ಕಾವಲು ಕಾಯುತ್ತಲೇ ಇದ್ದ ವರ್ತಣಿಯಾನ ಸಾಲಕ್ಕೆ ಅಂಥ ಕಾಯಿದೆ ಬರಲಿಲ್ಲ.

ರದ್ದತಿ, ಆಮೇಲೆ ‘ನವಿ ಶರತ್’

ಸ್ವಾತಂತ್ರ್ಯದ ಬೆನ್ನಿಗೇ ಮುಂಬಯಿ ಶಾಸನಸಭೆ ಈ ಹಿಡುವಳಿಗಳನ್ನು ಸಾಲಾಗಿ ರದ್ದುಮಾಡಿತು. ತಾಲ್ಲೂಕುದಾರಿ ಮತ್ತು ಮಲೇಕಿ 1949ರಲ್ಲಿ, ಪರಗಣೆ ಮತ್ತು ಕುಲಕರ್ಣಿ ವತನಗಳು 1950ರಲ್ಲಿ, ಊರಿಗೆ ಉಪಯುಕ್ತವಾದ ಸೇವಾ ಇನಾಮುಗಳು 1953ರಲ್ಲಿ. ಕೆಳಗಿನ ಊರ ಚಾಕರರ ವತನಗಳ ಸರದಿ ಕೊನೆಗೆ, 1958ರ ಕಾಯಿದೆಯಲ್ಲಿ. ಅಂಬೇಡ್ಕರರು ತಿದ್ದುಪಡಿ ಮಂಡಿಸಿ ಆಗಲೇ 30 ವರ್ಷ ಕಳೆದಿತ್ತು, ಅವರು ತೀರಿಕೊಂಡೂ ಎರಡು ವರ್ಷವಾಗಿತ್ತು. ಅಷ್ಟರಲ್ಲಿ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಮೈಸೂರು ರಾಜ್ಯಕ್ಕೆ ಸೇರಿದ್ದವು. ನಮ್ಮಲ್ಲಿ ಅದೇ ಕೆಲಸ ಮಾಡಿದ್ದು 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ. ಯುದ್ಧಸೇವೆಯ ಹಳೆಯ ಗುರುತು ಹೊತ್ತ ಕೊಡಗಿನ ಜಮ್ಮಾ ಹಿಡುವಳಿ ಮಾತ್ರ ಇಂದಿಗೂ ಕಚೇರಿ, ಕೋರ್ಟುಗಳಲ್ಲಿ ಚರ್ಚೆಯಾಗುತ್ತಲೇ ಇದೆ.

ರದ್ದತಿಯ ವಿವರದಲ್ಲಿ ಒಂದು ಭೇದ ಅಡಗಿದೆ. ತಾಲ್ಲೂಕುದಾರ ತನ್ನ ಕೈಯಲ್ಲಿದ್ದ ನೆಲಕ್ಕೆ ಪೂರ್ತಿ ಕಂದಾಯ ಕಟ್ಟುವ ಸಾಮಾನ್ಯ ಹಿಡುವಳಿದಾರನಾದ. ಮಾರಲು, ಅಡವಿಡಲು ಅವನಿಗೆ ತಡೆಯಿಲ್ಲ. ಕೆಳಗಿನ ವತನದಾರನಿಗೆ ನೆಲ ಮರುಮಂಜೂರಾಗಬೇಕಾದರೆ ಕಂದಾಯದ ಕೆಲವು ಪಟ್ಟು ಹಣ ಕಟ್ಟಬೇಕಿತ್ತು. ಕಟ್ಟಿದ ಮೇಲೂ ಕಲೆಕ್ಟರರ ಅನುಮತಿಯಿಲ್ಲದೆ ಅದನ್ನು ಪರಭಾರೆ ಮಾಡುವಂತಿಲ್ಲ. ಬಡವನ ನೆಲವನ್ನು ಸಾಹುಕಾರ ಕಸಿಯದಿರಲಿ ಎಂಬ ಒಳ್ಳೆಯ ಉದ್ದೇಶ ಇದರಲ್ಲಿತ್ತು, ಎಷ್ಟೋ ಕಡೆ ಅದು ನೆಲವನ್ನು ಉಳಿಸಿಯೂ ಇತ್ತು. ನಮ್ಮ 1978ರ ಕಾಯಿದೆ ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಕಾಯುವುದೂ ಇದೇ ಕಾಳಜಿಯಿಂದ.

ಗುಜರಾತಿನಲ್ಲಿ ಇಂಥ ನೆಲಕ್ಕೆ ‘ನವಿ ಶರತ್’ ಎನ್ನುತ್ತಾರೆ, ತಡೆಯಿಲ್ಲದ್ದು ‘ಜೂನಿ ಶರತ್’. ಇಂದು ಅಹಮದಾಬಾದಿನ ಹೊರವಲಯದಲ್ಲೋ ಸೂರತ್‌ನ ಹೊಸ ಬಡಾವಣೆಗಳಲ್ಲೋ ಜಮೀನು ಕೊಳ್ಳುವವರು ಮೊದಲು 7/12 ಎಂಬ ಪಹಣಿ ಪತ್ರದಲ್ಲಿ ಈ ಎರಡರಲ್ಲಿ ಯಾವುದಿದೆ ಎಂದು ನೋಡುತ್ತಾರೆ. ಆಮೇಲೆ 6ನೇ ನಮೂನೆಯ ಹಕ್ಕುಪತ್ರಕದಲ್ಲಿ ಹಿಂದಿನ ನಮೂದುಗಳನ್ನು ಒಂದೊಂದಾಗಿ ಓದುತ್ತಾರೆ. ಅಲ್ಲಿ ಪಸಾಯತಾ, ಚಾಕರಿಯಾತ್, ವಾಂಟಾ ಎಂಬ ಮಾತುಗಳು ಇನ್ನೂ ಎದುರಾಗುತ್ತವೆ. ನವಿ ಶರತ್ತಿನ ನೆಲವನ್ನು ಜೂನಿ ಶರತ್ತಿಗೆ ತಿರುಗಿಸಲು ಎಷ್ಟೋ ಸಂದರ್ಭಗಳಲ್ಲಿ ಸರ್ಕಾರಕ್ಕೆ ಪ್ರೀಮಿಯಂ ಕಟ್ಟಬೇಕಾಗಿ ಬಂದಿದೆ. ಕಾವಲು ಕಾದ, ಓಲೆ ಹೊತ್ತ ಮನೆತನದ ಮೊಮ್ಮಕ್ಕಳು ನೆಲ ಮಾರುವಾಗ ಆ ಹಣ ಅವರಿಗೆ ಸಿಗಬೇಕಾದ ಬೆಲೆಯಿಂದಲೇ ಕಡಿದುಹೋಗುತ್ತದೆ. ತಾಲ್ಲೂಕುದಾರರ ವಾರಸುದಾರರು 1949ರಿಂದಲೂ ಅಂಥ ಪ್ರೀಮಿಯಂ ಕಟ್ಟಿಲ್ಲ. ಮಾರಾಟಕ್ಕೆ ಅನುಮತಿಯ ತಡೆ ಇರಲಿ, ಅದು ಕಾವಲು. ಪ್ರೀಮಿಯಮ್ಮನ್ನು ಮಾತ್ರ ಈ ನೆಲಗಳ ಮೇಲಿಂದ ತೆಗೆಯಬೇಕು, ನೆಲದ ಬೆಲೆಯನ್ನು ಆ ಮನೆತನಗಳು ವೇಠ್ ಮಾಡಿಯೇ ತೀರಿಸಿವೆ.